ಬಟವಾಡೆ ಪಟ್ಟಿ ಫೋನಿನಲ್ಲಿ ತೆರೆದುಕೊಂಡ ಬಗೆ: ಹಾಲಿನ ಸಂಘವೊಂದರ ಪ್ರಕರಣ ಅಧ್ಯಯನ

ಹಳೆ ಮೈಸೂರು ಭಾಗದ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ ನಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ಹಾಲು ಹಾಕುವ 186 ಮಂದಿಯ ಲೆಕ್ಕ ಕಾರ್ಯದರ್ಶಿಯವರ ಕಂಪ್ಯೂಟರಿನಲ್ಲಿ ಒಂದೇ ಎಕ್ಸೆಲ್ ಹಾಳೆಯಾಗಿ ಬೆಳೆದು ನಿಂತಿದೆ. ಕ್ರಮ ಸಂಖ್ಯೆ, ಸದಸ್ಯ ಸಂಖ್ಯೆ, ಹೆಸರು, ಹದಿನೈದು ದಿನಗಳ ಎರಡೆರಡು ಹೊತ್ತಿನ ಲೀಟರುಗಳಿಗೆ 30 ಕಾಲಂ, ಆಮೇಲೆ ಒಟ್ಟು ಲೀಟರ್, ಸರಾಸರಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ), ದರ, ಮೊತ್ತ, ಪಶು ಆಹಾರದ ಕಡಿತ, ಸಾಲದ ಕಂತು, ಇತರೆ ಕಡಿತ, ಕೈಗೆ ಬರುವ ನಿವ್ವಳ, ಕೊನೆಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಸೇರಿ ಅದರಲ್ಲಿ 44 ಕಾಲಂಗಳಿವೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಇದರಲ್ಲಿ ಸೇರಿಲ್ಲ. ಅದು ಬೇರೆಯಾಗಿ ನೇರ ಖಾತೆಗೆ ಬೀಳುತ್ತದೆ.

ನನ್ನ ತಾಯಿ ಈ ಸಂಘದ ಸದಸ್ಯೆ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಾನು ಊರಿಗೆ ಹೋದಾಗಲೆಲ್ಲ ಡೇರಿಯ ಕಂಪ್ಯೂಟರ್ ಮುಂದೆ ಸ್ವಲ್ಪ ಹೊತ್ತು ಕೂತು ಬರುವುದು ವಾಡಿಕೆಯಾಗಿದೆ. ಈ ಹಾಳೆಯನ್ನು ಪಿಡಿಎಫ್ ಮಾಡಿ, ಸದಸ್ಯರು ತಮ್ಮ ಫೋನಿನ ಬ್ರೌಸರಿನಲ್ಲಿ ತೆರೆದು ಓದುವಂತೆ ಮಾಡಲು ಕಾರ್ಯದರ್ಶಿಯವರೂ ನಾನೂ ಸುಮಾರು ನಾಲ್ಕು ಬಟವಾಡೆಗಳಷ್ಟು ಕಾಲ ತೆಗೆದುಕೊಂಡೆವು. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸವೆಂದು ಹೊರಟಿದ್ದೆವು. ಅದು ಎಲ್ಲೆಲ್ಲಿ ಕೈಕೊಟ್ಟಿತು, ಏಕೆ ಕೈಕೊಟ್ಟಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಮೊದಲು ಇದ್ದ ವ್ಯವಸ್ಥೆ ಬಹಳ ಸರಳವಾಗಿತ್ತು. ಬಟವಾಡೆಯ ಹಿಂದಿನ ಸಂಜೆ ಕಾರ್ಯದರ್ಶಿಯವರು ಎಕ್ಸೆಲ್ ಫೈಲನ್ನು ಹಾಗೆಯೇ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದರು. ಅರ್ಧದಷ್ಟು ಜನರ ಫೋನಿನಲ್ಲಿ ಅದನ್ನು ತೆರೆಯುವ ಆ್ಯಪ್ ಇರಲಿಲ್ಲ. ಇದ್ದವರಲ್ಲಿ ಹಲವರಿಗೆ ಹೆಸರಿನ ಕಾಲಂ ಓದಲು ಬರುತ್ತಿರಲಿಲ್ಲ, ಏಕೆಂದರೆ ಹೆಸರುಗಳನ್ನು ವರ್ಷಗಳ ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು ಮತ್ತು ಆ ಫಾಂಟ್ ಇಲ್ಲದ ಫೋನಿನಲ್ಲಿ ಪ್ರತಿ ಹೆಸರೂ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಮೆರವಣಿಗೆಯಾಗಿ ಕಾಣುತ್ತಿತ್ತು. ಫಾಂಟ್ ಹಾಕಿಕೊಂಡಿದ್ದ ಹುಡುಗರು ಉಳಿದವರಿಗೆ ಓದಿ ಹೇಳುತ್ತಿದ್ದರು. ಒಂದು ಸಂಜೆ ಹಾಲು ಅಳೆದಾದ ಮೇಲೆ ಹಿರಿಯ ಸದಸ್ಯೆಯೊಬ್ಬರು ಕ್ಯಾನ್ ಕೆಳಗಿಟ್ಟು, ಸೆರಗಿನಿಂದ ಫೋನಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಟು, “ಇದ್ರಾಗೆ ನನ್ ಹೆಸ್ರು ಎಲ್ಲೈತೆ ಹುಡುಕ್ಕೊಡಪ್ಪ, ಮಗ ಊರಾಗಿಲ್ಲ” ಎಂದರು. ಹುಡುಕಲು ನನಗೇ ಐದು ನಿಮಿಷ ಹಿಡಿಯಿತು: ಹೆಸರು ಎಡತುದಿಯಲ್ಲಿ, ನಿವ್ವಳ 42ನೆಯ ಕಾಲಂನಲ್ಲಿ, ಬೆರಳಿನಿಂದ ಹಾಳೆಯನ್ನು ಎಳೆದು ಬಲತುದಿಗೆ ಹೋಗುವಷ್ಟರಲ್ಲಿ ಸಾಲು ತಪ್ಪುತ್ತಿತ್ತು.

ಇಷ್ಟಿದ್ದರೂ ಹಾಗೆಯೇ ನಡೆಯುತ್ತಿತ್ತೇನೋ. ಬದಲಾವಣೆಗೆ ಕಾರಣವಾದದ್ದು ಬೇರೆ ಸಂಗತಿ. ಖಾತೆ ಸಂಖ್ಯೆಯ ಎರಡು ಕಾಲಂಗಳನ್ನು ಕಾರ್ಯದರ್ಶಿಯವರು ಪ್ರತಿ ಬಾರಿಯೂ ಹೈಡ್ ಮಾಡಿಯೇ ಕಳಿಸುತ್ತಿದ್ದರು. ಹೈಡ್ ಮಾಡಿದರೆ ಹೋಯಿತು ಎಂದು ಅವರು ನಂಬಿದ್ದರು. ಡಿಗ್ರಿ ಓದುತ್ತಿರುವ ಸದಸ್ಯರೊಬ್ಬರ ಮಗ ಅದನ್ನು ಬಿಡಿಸಿ, ಎಲ್ಲರ ಖಾತೆ ಸಂಖ್ಯೆಯೂ ತನ್ನ ಫೋನಿನಲ್ಲಿದೆ ಎಂದು ತಂದು ತೋರಿಸಿದ. ಅವನ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆ ಫೈಲು ಗುಂಪಿನಲ್ಲಿದ್ದ ಎಲ್ಲರ ಬಳಿಯೂ ಇತ್ತು, ಅದೂ ಒಂದು ಬಟವಾಡೆಯದಲ್ಲ.

ಇದು ನಮ್ಮ ಹಳ್ಳಿಯ ಅಮಾಯಕತೆಯೆಂದು ಯಾರೂ ಭಾವಿಸಬೇಕಾಗಿಲ್ಲ. 2023ರ ಆಗಸ್ಟ್ 8ರಂದು ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ, ಎಷ್ಟು ಜನ ಯಾವ ಯಾವ ದರ್ಜೆಯಲ್ಲಿದ್ದಾರೆ ಎಂದು ಕೇಳಿದ್ದ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಕೊಟ್ಟ ಎಕ್ಸೆಲ್ ಫೈಲು ವೆಬ್‌ಸೈಟೊಂದರಲ್ಲಿ ಪ್ರಕಟವಾದಾಗ, ಅದರೊಳಗೆ ಮರೆಯಾಗಿ ಉಳಿದಿದ್ದ ಒಂದು ಹಾಳೆಯಲ್ಲಿ 9,483 ಅಧಿಕಾರಿಗಳ ಮತ್ತು ಸಿಬ್ಬಂದಿಯ ಹೆಸರು, ಹುದ್ದೆ, ಕೆಲಸದ ಸ್ಥಳದ ವಿವರಗಳಿದ್ದವು. ಪೊಲೀಸರಾಗಿರುವುದನ್ನು ನೆರೆಹೊರೆಯವರಿಂದಲೂ ಮುಚ್ಚಿಟ್ಟು ಬದುಕುವವರಿರುವ ನಾಡು ಅದು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2024ರಲ್ಲಿ ಆ ಇಲಾಖೆಗೆ 7,50,000 ಪೌಂಡ್ ದಂಡ ವಿಧಿಸಿತು. ಅದಕ್ಕೂ ಮೊದಲೇ, ಮೂಲ ಎಕ್ಸೆಲ್ ಫೈಲುಗಳನ್ನು ಹಾಗೆಯೇ ಅಂತರ್ಜಾಲಕ್ಕೆ ಏರಿಸುವುದನ್ನು ನಿಲ್ಲಿಸಿರೆಂದು ಎಲ್ಲ ಸಾರ್ವಜನಿಕ ಕಚೇರಿಗಳಿಗೂ ಹೇಳಿತ್ತು. ಹೈಡ್ ಎಂಬುದು ಪರದೆಯೇ ಹೊರತು ಬೀಗವಲ್ಲ. ಪಿಡಿಎಫ್‌ಗೆ ಹೋಗುವುದು ಮುದ್ರಣದಲ್ಲಿ ಕಾಣುವುದಷ್ಟೇ ಆದ್ದರಿಂದ, ಹೈಡ್ ಮಾಡಿದ ಕಾಲಂ ಅದರಲ್ಲಿ ಇರುವುದೇ ಇಲ್ಲ. ಸಂಘದ ಆಡಳಿತ ಮಂಡಳಿ ‘ಇನ್ನು ಮೇಲೆ ಪಿಡಿಎಫ್’ ಎಂದು ತೀರ್ಮಾನಿಸಿದ್ದು ಈ ಒಂದು ಕಾರಣಕ್ಕೆ. ಅದರ ಉಳಿದ ಗುಣದೋಷಗಳೆಲ್ಲ ನಮಗೆ ಆಮೇಲೆ ತಿಳಿದವು.

ಮೊದಲ ಬಾರಿ ನಾನು ಮಾಡಿದ್ದು ಇಷ್ಟೆ: ಫೈಲು ತೆರೆದು, ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆರಿಸಿ ಒತ್ತಿದೆ. 20 ಪುಟ ಬಂತು. ಎಕ್ಸೆಲ್ ತನ್ನಷ್ಟಕ್ಕೆ ಬಿಟ್ಟರೆ ಎ4 ಹಾಳೆಯ ಅಗಲಕ್ಕೆ ಒಂಬತ್ತು ಹತ್ತು ಕಾಲಂಗಳನ್ನಷ್ಟೇ ಹಿಡಿಸುತ್ತದೆ, ಎತ್ತರಕ್ಕೆ ಐವತ್ತರ ಹತ್ತಿರ ಸಾಲು. ಅದು ಮೊದಲು ಮೇಲಿನಿಂದ ಕೆಳಕ್ಕೆ ಮುಗಿಸಿ ಆಮೇಲೆ ಬಲಕ್ಕೆ ಹೊರಳುವುದರಿಂದ, ಹೆಸರುಗಳೆಲ್ಲ ಮೊದಲ ನಾಲ್ಕು ಪುಟಗಳಲ್ಲಿ ಉಳಿದು, ನಿವ್ವಳ ಮೊತ್ತಗಳೆಲ್ಲ ಕೊನೆಯ ನಾಲ್ಕು ಪುಟಗಳಲ್ಲಿ ಹೆಸರಿಲ್ಲದೆ ನಿಂತವು. ಕಾಗದವಾಗಿದ್ದರೆ ಅಂಟಿಸಿ ಓದಬಹುದಿತ್ತು. ಬ್ರೌಸರಿನಲ್ಲಿ 3ನೆಯ ಪುಟದ ಹದಿನೇಳನೆಯ ಸಾಲನ್ನು ನೆನಪಿಟ್ಟುಕೊಂಡು 19ನೆಯ ಪುಟಕ್ಕೆ ಇಳಿಯುವವರು ಯಾರು?

ಎರಡನೆಯ ಬಾರಿ ಅತಿಬುದ್ಧಿವಂತಿಕೆ ಮಾಡಿದೆ. ಪುಟವಿನ್ಯಾಸದಲ್ಲಿ ಇಡೀ ಹಾಳೆಯನ್ನು ಒಂದೇ ಪುಟಕ್ಕೆ ಕೂರಿಸುವ ಆಯ್ಕೆಯಿದೆ, ಅದನ್ನು ಒತ್ತಿದೆ. 186 ಸಾಲು, 44 ಕಾಲಂ ಒಂದು ಎ4ಗೆ ಇಳಿಯಬೇಕಾದರೆ ಹಾಳೆ ಕಾಲು ಭಾಗಕ್ಕಿಂತಲೂ ಕಿರಿದಾಗಬೇಕು, ಅಂದರೆ 11 ಪಾಯಿಂಟಿನ ಅಕ್ಷರ ಎರಡೂವರೆ ಪಾಯಿಂಟಿನದಾಗುತ್ತದೆ. ಪಿಡಿಎಫ್‌ನಲ್ಲಿ ಅಕ್ಷರ ಚಿತ್ರವಾಗಿರದೆ ರೇಖೆಯಾಗಿರುವುದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ ಎಂದು ಧೈರ್ಯವಾಗಿದ್ದೆ. ಮಸುಕಾಗಲಿಲ್ಲ ನಿಜ. ಆದರೆ ಹೆಸರು ಓದುವಷ್ಟು ಹಿಗ್ಗಿಸಿದಾಗ ಮೊತ್ತ ಎಲ್ಲೋ ದೂರ ಹೋಗಿರುತ್ತಿತ್ತು. ಎಕ್ಸೆಲ್‌ನಲ್ಲಿ ತಲೆಸಾಲನ್ನೂ ಹೆಸರಿನ ಕಾಲಂ ಅನ್ನೂ ಫ್ರೀಜ್ ಮಾಡಿ ನಿಲ್ಲಿಸಬಹುದು, ಬ್ರೌಸರಿನ ಪಿಡಿಎಫ್‌ನಲ್ಲಿ ನಿಲ್ಲಿಸಲಾಗದು. ಆ ದಿನ ಗುಂಪಿನಲ್ಲಿ ಬಂದ ಮೊದಲ ಉತ್ತರ, “ಅಣ್ಣ, ಇರುವೆ ಸಾಲು ಕಳ್ಸಿದೀರಾ?”

ಆಗ ನಮಗೆ ಹೊಳೆದದ್ದು, ಬಂದ ತೊಂದರೆಗಳೆಲ್ಲ ಒಂದೇ ಬೇರಿನವು. ಆ 44 ಕಾಲಂ ಹಾಳೆ ಕಾರ್ಯದರ್ಶಿಯವರ ಕೆಲಸದ ಮೇಜು. ಮೇಜಿನ ಮೇಲೆ ತಕ್ಕಡಿ, ರಶೀದಿ ಪುಸ್ತಕ, ಹಳೆಯ ಚೀಟಿ ಎಲ್ಲವೂ ಹರಡಿರಬೇಕು, ಇಲ್ಲದಿದ್ದರೆ ಕೆಲಸ ಸಾಗದು. ಆದರೆ ಹಾಲು ಹಾಕುವವರಿಗೆ ಬೇಕಾದದ್ದು ತಮ್ಮ ಒಂದು ಸಾಲು. ಮೇಜನ್ನೇ ಫೋಟೋ ಹಿಡಿದು ಕಳಿಸುವುದನ್ನು ನಾವು ಹಂಚಿಕೆ ಎಂದುಕೊಂಡಿದ್ದೆವು. ಹೀಗಾಗಿ ಅದೇ ಫೈಲಿನಲ್ಲಿ ಓದುವವರಿಗೆಂದೇ ಇನ್ನೊಂದು ಹಾಳೆ ಮಾಡಿದೆವು. ಅದರಲ್ಲಿ ಯಾರೂ ಏನನ್ನೂ ಟೈಪ್ ಮಾಡುವುದಿಲ್ಲ. ಸದಸ್ಯ ಸಂಖ್ಯೆಯ ಆಧಾರದ ಮೇಲೆ ಮೂಲ ಹಾಳೆಯಿಂದ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಮೊತ್ತ, ಕಡಿತ, ನಿವ್ವಳ ಇವು ವಿ-ಲುಕಪ್ ಸೂತ್ರದಿಂದ ತಾವಾಗಿ ಬರುತ್ತವೆ. ಸಂಖ್ಯೆ ಮತ್ತು ಹೆಸರು ಒಂದೇ ಕಾಲಂನಲ್ಲಿ ಜೊತೆಯಾಗಿವೆ. ಒಟ್ಟು ಏಳು ಕಾಲಂ.

ಕಡಿತದ ಬಗ್ಗೆ ಮಂಡಳಿಯಲ್ಲಿ ಒಂದು ಗಂಟೆ ಮಾತಾಯಿತು, ಮತ್ತು ಇಡೀ ಪ್ರಕರಣದಲ್ಲಿ ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಆದರೆ ಅತ್ಯಂತ ಮುಖ್ಯವಾದ ಚರ್ಚೆ ಅದೇ ಎಂದು ನಾನು ಭಾವಿಸುತ್ತೇನೆ. ಯಾರು ಎಷ್ಟು ಮೂಟೆ ಪಶು ಆಹಾರವನ್ನು ಸಾಲದಲ್ಲಿ ಒಯ್ದಿದ್ದಾರೆ, ಯಾರ ಹಸುವಿನ ಸಾಲದ ಕಂತು ಎಷ್ಟು ಎಂಬುದು ಊರಿನಲ್ಲಿ ಮರ್ಯಾದೆಯ ವಿಷಯ. “ಡೇರಿ ಗೋಡೆ ಮೇಲೆ ಮೊದ್ಲಿಂದ ಅಂಟಿಸ್ತಾನೇ ಇದೀವಲ್ಲ” ಎಂದು ಒಬ್ಬ ನಿರ್ದೇಶಕರು ಹೇಳಿದ್ದಕ್ಕೆ ಇನ್ನೊಬ್ಬರು, “ಗೋಡೆ ಊರು ಬಿಟ್ಟು ಹೋಗಲ್ಲ ಕಣಪ್ಪ, ಇದು ಹೋಗ್ತದೆ” ಎಂದರು. ಕೊನೆಗೆ ಮೂರು ಬಗೆಯ ಕಡಿತವನ್ನು ಕೂಡಿಸಿ ಒಂದೇ ಅಂಕಿಯಾಗಿ ತೋರಿಸುವುದು, ವಿವರವನ್ನು ಪಾಸ್ ಪುಸ್ತಕದಲ್ಲಿ ಬರೆದುಕೊಡುವುದು ಎಂದಾಯಿತು. ಹೆಸರನ್ನೇ ತೆಗೆದು ಬರೀ ಸಂಖ್ಯೆ ಇಡೋಣವೆಂಬ ನನ್ನ ಸಲಹೆ ಬಿದ್ದುಹೋಯಿತು. ತಮ್ಮ ಸಂಖ್ಯೆ ನೆನಪಿಲ್ಲದ ಸದಸ್ಯರು ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದರು.

ಪುಟದ ಅಳತೆಯ ವಿಷಯಕ್ಕೆ ಬರುವುದಾದರೆ, ಪಿಡಿಎಫ್ ಮೂಲತಃ ಕಾಗದದ ಕೂಸು. 1993ರಲ್ಲಿ ಅಡೋಬಿ ಸಂಸ್ಥೆ ಅದನ್ನು ಹೊರತಂದಾಗಿನ ಆಸೆ, ಒಂದು ಕಂಪ್ಯೂಟರಿನಲ್ಲಿ ರಚಿಸಿದ ಪುಟ ಇನ್ನಾವುದೇ ಕಂಪ್ಯೂಟರಿನಲ್ಲಿ, ಇನ್ನಾವುದೇ ಮುದ್ರಕದಲ್ಲಿ ಹಾಗೆಯೇ ಕಾಣಬೇಕು ಎಂಬುದು. 2008ರಲ್ಲಿ ಅದು ಐಎಸ್‌ಒ ಮಾನಕವಾಯಿತು. ವೆಬ್ ಪುಟ ಪರದೆಯ ಅಗಲಕ್ಕೆ ತಕ್ಕಂತೆ ಒಗ್ಗುತ್ತದೆ, ಪಿಡಿಎಫ್ ಒಗ್ಗುವುದಿಲ್ಲ. ಒಗ್ಗದಿರುವುದೇ ಅದರ ಗುಣ. ಎ4ರ ಅಗಲ 210 ಮಿಲಿಮೀಟರ್. ಸಾಧಾರಣ ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ 70 ಮಿಲಿಮೀಟರಿನ ಆಸುಪಾಸು. ಹೀಗಾಗಿ ಎ4ರಲ್ಲಿ 12 ಪಾಯಿಂಟಿನಲ್ಲಿ ಬರೆದದ್ದು ಫೋನಿನಲ್ಲಿ 4 ಪಾಯಿಂಟಿನಷ್ಟಾಗಿ ಕಾಣುತ್ತದೆ. ನಾವು ಪುಟವನ್ನು 148 ಮಿಲಿಮೀಟರ್ ಅಗಲದ ಎ5ಗೆ ಇಳಿಸಿ, ಅಕ್ಷರವನ್ನು 14 ಪಾಯಿಂಟಿಗೆ ಏರಿಸಿದೆವು. ಪುಟಕ್ಕೆ 22 ಸಾಲು, ಒಟ್ಟು 9 ಪುಟ. ಅಗಲಕ್ಕೆ ಒಂದು ಪುಟ, ಎತ್ತರಕ್ಕೆ ಎಷ್ಟಾದರೂ ಪುಟ ಎಂಬ ಆಯ್ಕೆ, ಪ್ರತಿ ಪುಟದ ಮೇಲೂ ತಲೆಸಾಲು ಮರುಕಳಿಸುವ ಆಯ್ಕೆ, ಎರಡನ್ನೂ ಹಾಕಿದ ಮೇಲೆ ಹಿಗ್ಗಿಸದೆಯೇ ಓದುವಂತಾಯಿತು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಡೇರಿಯ ಕಂಪ್ಯೂಟರಿನಲ್ಲಿ ಕಾಗದದ ಅಳತೆಗಳ ಪಟ್ಟಿ ತೆರೆದರೆ ಎ5 ಕಾಣಲೇ ಇಲ್ಲ. ಅರ್ಧ ದಿನ ಹಾಳಾದ ಮೇಲೆ ತಿಳಿದದ್ದು, ಎಕ್ಸೆಲ್ ಆ ಪಟ್ಟಿಯನ್ನು ತನ್ನಿಂದ ಕೊಡುವುದಿಲ್ಲ, ಆಯ್ಕೆಯಾಗಿರುವ ಪ್ರಿಂಟರಿನಿಂದ ಪಡೆಯುತ್ತದೆ. ಅಲ್ಲಿ ಆಯ್ಕೆಯಾಗಿದ್ದದ್ದು ರಶೀದಿ ಮುದ್ರಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್. ವಿಂಡೋಸ್ ಜೊತೆಗೇ ಬರುವ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಆರಿಸಿದೊಡನೆ ಎ5 ಕಾಣಿಸಿಕೊಂಡಿತು. ಪ್ರಿಂಟರ್ ಬದಲಾದರೆ ಪುಟ ಒಡೆಯುವ ಜಾಗವೂ ಬದಲಾಗಬಹುದು. ಈ ಕಾರಣಕ್ಕೆ ಪ್ರತಿ ಬಾರಿ ಕಳಿಸುವ ಮುಂಚೆ ಕೊನೆಯ ಪುಟವನ್ನು ನೋಡುವುದು ಈಗ ಕಾರ್ಯದರ್ಶಿಯವರ ಅಭ್ಯಾಸವಾಗಿದೆ.

ಕೊನೆಯ ಪುಟವನ್ನು ನೋಡದೆ ಕಳಿಸಿದ ಒಂದು ಬಾರಿ ಏನಾಯಿತೆಂದು ಹೇಳಲೇಬೇಕು. ಅಕ್ಷರ ದೊಡ್ಡದು ಮಾಡಿದ್ದರಿಂದ ಪ್ರತಿಯೊಬ್ಬರ ನಿವ್ವಳ ಕಾಲಂನಲ್ಲಿ ಹಿಡಿಯಿತು, ಆದರೆ ಎಲ್ಲರದ್ದೂ ಸೇರಿ ಲಕ್ಷಗಳಲ್ಲಿದ್ದ ಒಟ್ಟು ಮೊತ್ತ ಹಿಡಿಯಲಿಲ್ಲ. ಅಂಕಿ ಹಿಡಿಸದಿದ್ದರೆ ಎಕ್ಸೆಲ್ ಆ ಜಾಗವನ್ನು ಹ್ಯಾಷ್ ಚಿಹ್ನೆಗಳಿಂದ ತುಂಬುತ್ತದೆ. ಕಂಪ್ಯೂಟರಿನಲ್ಲಾದರೆ ಕಾಲಂನ ಗೆರೆಯನ್ನು ಸ್ವಲ್ಪ ಎಳೆದರೆ ಅಂಕಿ ಕಾಣುತ್ತದೆ. ಪಿಡಿಎಫ್ ಆದ ಮೇಲೆ ಎಳೆಯಲು ಗೆರೆಯೇ ಇಲ್ಲ, ಒಳಗಿನ ಅಂಕಿಯೂ ಅಲ್ಲಿಲ್ಲ. ಮರುದಿನ ಬೆಳಿಗ್ಗೆ ಹಾಲು ಹಾಕಲು ನಿಂತ ಸಾಲಿನಲ್ಲಿ ಮಾತು ಒಂದೇ: “ಎಲ್ರುದೂ ತೋರ್ಸವ್ರೆ, ಒಟ್ಟು ಮಾತ್ರ ಮುಚ್ಚವ್ರೆ.” ಲೆಕ್ಕ ಸರಿಯಿದ್ದೂ ಅನುಮಾನಕ್ಕೆ ಗುರಿಯಾಗುವುದು ಎಷ್ಟು ಸುಲಭವೆಂದು ಕಾರ್ಯದರ್ಶಿಯವರ ಮುಖ ನೋಡಿದಾಗ ಅರ್ಥವಾಯಿತು.

ಪೈಸೆಯ ತೊಡಕೂ ಇದೇ ಜಾತಿಯದು. 97.5 ಲೀಟರಿಗೆ 33.35 ರೂಪಾಯಿ ದರವಾದರೆ 3,251.625 ರೂಪಾಯಿ ಆಗುತ್ತದೆ. ಹಾಳೆ ತೋರಿಸುವುದು ಎರಡೇ ದಶಮಾಂಶ, ಒಳಗೆ ಇಟ್ಟುಕೊಳ್ಳುವುದು ಮೂರೂ. ಹೀಗೆ 186 ಸಾಲು ಕೂಡಿಸಿದಾಗ, ಕಾಣುವ ಅಂಕಿಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದವರಿಗೂ ಹಾಳೆಯ ಒಟ್ಟಿಗೂ ಕೆಲವು ಪೈಸೆ ವ್ಯತ್ಯಾಸ ಬರುತ್ತದೆ. ಎಕ್ಸೆಲ್ ಫೈಲಾಗಿದ್ದರೆ ಸೂತ್ರ ತೋರಿಸಿ ಸಮಾಧಾನ ಹೇಳಬಹುದಿತ್ತು. ಪಿಡಿಎಫ್‌ನಲ್ಲಿ ಸೂತ್ರವಿಲ್ಲ, ಅಂಕಿಗಳೇ ಸಾಕ್ಷಿ. ಆದ್ದರಿಂದ ಪ್ರತಿ ಸಾಲಿನ ಮೊತ್ತವನ್ನೂ ರೌಂಡ್ ಸೂತ್ರದಿಂದ ಎರಡು ದಶಮಾಂಶಕ್ಕೆ ನಿಲ್ಲಿಸಿ, ಆಮೇಲೆ ಕೂಡಿಸಬೇಕಾಯಿತು.

ಕನ್ನಡ ಅಕ್ಷರದ ಕಥೆ ಇನ್ನೂ ಉದ್ದ. ಪಿಡಿಎಫ್ ತನಗೆ ಬೇಕಾದ ಫಾಂಟನ್ನು ತನ್ನೊಳಗೇ ಹೊತ್ತುಕೊಂಡು ಹೋಗಬಲ್ಲದು. ಹಾಗಾಗಿ ನುಡಿಯ ಹಳೆಯ ಫಾಂಟಿನ ಹೆಸರುಗಳು ಪಿಡಿಎಫ್ ಆದ ತಕ್ಷಣ ಎಲ್ಲರ ಫೋನಿನಲ್ಲೂ ಅಚ್ಚುಕಟ್ಟಾಗಿ ಕಂಡವು. ಇದನ್ನು ಕಂಡು ನಾವು ಸಮಸ್ಯೆ ಬಗೆಹರಿಯಿತೆಂದೇ ತಿಳಿದೆವು. ಆದರೆ ಬ್ರೌಸರಿನ ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡಿದವರಿಗೆ ಏನೂ ಸಿಗಲಿಲ್ಲ. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿದ್ದದ್ದು ಆ ಇಂಗ್ಲಿಷ್ ಅಕ್ಷರಗಳ ಮೆರವಣಿಗೆಯೇ. ಕನ್ನಡದ ವೇಷ ಹಾಕಿದ ಅಕ್ಷರಗಳವು. ಫೋನಿನ ಕೀಲಿಮಣೆಯಿಂದ ಬರುವುದು ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ, ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಪದ್ಧತಿ. ಎರಡಕ್ಕೂ ಪರಿಚಯವಿಲ್ಲ.

ಹೆಸರುಗಳನ್ನು ಯೂನಿಕೋಡ್‌ಗೆ ಬದಲಾಯಿಸುವುದು ಅನಿವಾರ್ಯವಾಯಿತು. ಪರಿವರ್ತಕ ತಂತ್ರಾಂಶಕ್ಕೆ ಹಾಕಿದಾಗ ಹೆಚ್ಚಿನವು ಸರಿಯಾಗಿ ಬಂದವು, ಅರ್ಕಾವತ್ತು ಇದ್ದಲ್ಲಿ ಮಾತ್ರ ಎಡವಿದವು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಬರೆಯುವ ಕ್ರಮದಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರುತ್ತದೆ. ಇದನ್ನು ಹಿಂದುಮುಂದು ಮಾಡಲು ಮರೆತ ಪರಿವರ್ತಕದ ಕೈಗೆ ಸಿಕ್ಕ ಕರ್ನಾಟಕ ‘ಕನರ್ಾಟಕ’ವಾಗುತ್ತದೆ, ನಮ್ಮ ಪಟ್ಟಿಯ ಧರ್ಮೇಗೌಡರು ‘ಧಮರ್ೇಗೌಡ’ರಾಗಿದ್ದರು. ಎರಡು ಸಂಜೆ ಕೂತು ನಾನು ಓದಿದೆ, ಕಾರ್ಯದರ್ಶಿಯವರು ಸದಸ್ಯತ್ವದ ರಿಜಿಸ್ಟರ್ ಹಿಡಿದು ತಿದ್ದಿಸಿದರು. ಆ ನೆಪದಲ್ಲಿ, ಒಬ್ಬರೇ ಸದಸ್ಯೆ ರಿಜಿಸ್ಟರಿನಲ್ಲಿ ಒಂದು ಹೆಸರಿನಿಂದಲೂ ಬ್ಯಾಂಕಿನಲ್ಲಿ ಇನ್ನೊಂದು ಹೆಸರಿನಿಂದಲೂ ಇದ್ದದ್ದು ಪತ್ತೆಯಾಯಿತು. ಅದು ಈ ಬರಹದ ವಿಷಯವಲ್ಲ.

ಯೂನಿಕೋಡ್ ಆದ ಮೇಲೂ ಹುಡುಕಾಟ ಪೂರ್ತಿ ಸರಿಹೋಗಲಿಲ್ಲ. ಪಿಡಿಎಫ್ ಪುಟದ ಮೇಲೆ ಇಡುವುದು ಅಕ್ಷರದ ಆಕೃತಿಗಳನ್ನು. ಯಾವ ಆಕೃತಿ ಯಾವ ಅಕ್ಷರ ಎಂಬ ನಂಟಿನ ಪಟ್ಟಿ ಬೇರೆಯಾಗಿರುತ್ತದೆ. ಒತ್ತಕ್ಷರ, ಗುಣಿತಾಕ್ಷರ ಬಂದಲ್ಲಿ ಆಕೃತಿಗಳ ಸಾಲು ಅಕ್ಷರಗಳ ಸಾಲಿನಂತೆಯೇ ಇರುವುದಿಲ್ಲವಾದ್ದರಿಂದ, ಒತ್ತಿಲ್ಲದ ‘ಗೌಡ’ ಸಿಕ್ಕಿದರೂ ‘ಲಕ್ಷ್ಮಮ್ಮ’ ಸಿಗದೆ ಹೋಗುವುದುಂಟು. ಇದಕ್ಕೆ ನಮ್ಮ ಕೈಯಲ್ಲಿ ಮದ್ದಿರಲಿಲ್ಲ. ಅಂಕಿಗೆ ಈ ಕಾಟವಿಲ್ಲ ಎಂಬುದಷ್ಟೇ ಸಮಾಧಾನ. ಆದರೆ 47 ಎಂದು ಹುಡುಕಿದರೆ 147 ಸಿಗುತ್ತದೆ, 3,471 ರೂಪಾಯಿಯೂ ಸಿಗುತ್ತದೆ. ಹೀಗಾಗಿ ಸದಸ್ಯ ಸಂಖ್ಯೆಯನ್ನು ಮೂರು ಅಂಕಿಗೆ ತುಂಬಿ, ಮುಂದೊಂದು ಓರೆಗೆರೆ ಹಾಕಿ ‘047/’ ಎಂದು ಬರೆಯುವ ಉಪಾಯ ಮಾಡಿದೆವು. ಪಟ್ಟಿಯನ್ನು ಸದಸ್ಯ ಸಂಖ್ಯೆಯ ಕ್ರಮದಲ್ಲೇ ಇಟ್ಟಿದ್ದರಿಂದ ಈಗ ಬಹಳ ಜನ ಹುಡುಕುವುದೂ ಇಲ್ಲ; ‘ನಂದು ಮೂರ್ನೇ ಪುಟ’ ಎಂದು ಗೊತ್ತು ಮಾಡಿಕೊಂಡಿದ್ದಾರೆ.

ಇನ್ನು ಬ್ರೌಸರಿನಲ್ಲಿ ತೆರೆಯುವ ವಿಷಯ. ಪಿಡಿಎಫ್ ಓದಲು ಪ್ರತ್ಯೇಕ ತಂತ್ರಾಂಶ ಬೇಕಿದ್ದ ಕಾಲ ಮುಗಿದು ಬಹಳ ದಿನವಾಯಿತು: ಕಂಪ್ಯೂಟರಿನ ಕ್ರೋಮ್ 2010ರಿಂದಲೇ ಪಿಡಿಎಫ್ ಅನ್ನು ತನ್ನೊಳಗೇ ತೋರಿಸುತ್ತಿದೆ, ಫೈರ್‌ಫಾಕ್ಸ್ 2013ರಲ್ಲಿ ತನ್ನದೇ ಓದುಗವನ್ನು ಅಳವಡಿಸಿಕೊಂಡಿತು. ಆಂಡ್ರಾಯ್ಡ್ ಫೋನಿನ ಕ್ರೋಮ್ ಮಾತ್ರ ಬಹುಕಾಲ ಪಿಡಿಎಫ್ ಅನ್ನು ಡೌನ್‌ಲೋಡ್ ಮಾಡಿ ಬೇರೆ ಆ್ಯಪ್‌ನ ಕೈಗೊಪ್ಪಿಸುತ್ತಿತ್ತು, ಮತ್ತು ನಮ್ಮ ಸದಸ್ಯರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಅವೇ ಹಳೆಯ ಫೋನುಗಳು. ಮೊದಲು ನಾನು ಫೈಲನ್ನು ನನ್ನ ಪರಿಚಯದ ಒಂದು ಸರ್ವರ್‌ನಲ್ಲಿಟ್ಟು ಲಿಂಕ್ ಕಳಿಸಿದೆ. ಆ ಸರ್ವರ್ ಪ್ರತಿ ಫೈಲನ್ನೂ ‘ಇದನ್ನು ಉಳಿಸಿಕೋ’ ಎಂಬ ಸೂಚನೆಯೊಡನೆ ಕಳಿಸುವಂತೆ ಹೊಂದಿಸಲ್ಪಟ್ಟಿತ್ತು. ಕಳಿಸುವ ತಲೆಬರಹದಲ್ಲಿ ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಬ್ರೌಸರ್ ಉಳಿಸಿಕೊಳ್ಳುತ್ತದೆ, ‘ಇನ್‌ಲೈನ್’ ಎಂದಿದ್ದರೆ ತಾನೇ ತೋರಿಸಲು ನೋಡುತ್ತದೆ. ಪರಿಣಾಮವಾಗಿ ಪ್ರತಿ ಒತ್ತಿಗೂ ಫೋನಿನಲ್ಲಿ ಒಂದೊಂದು ಪ್ರತಿ ಬಿತ್ತು: ಬಟವಾಡೆ, ಬಟವಾಡೆ ಒಂದು, ಬಟವಾಡೆ ಎರಡು. ಎರಡನೆಯ ಹದಿನೈದು ದಿನಕ್ಕೆ ಒಬ್ಬರು ಹಳೆಯ ಪ್ರತಿಯನ್ನೇ ತೆರೆದು, ಖಾತೆಗೆ ಬಂದ ಹಣಕ್ಕೂ ಪಟ್ಟಿಗೂ ತಾಳೆಯಾಗುತ್ತಿಲ್ಲವೆಂದು ಡೇರಿಯ ಬಾಗಿಲಿಗೆ ಬಂದರು. ಅಂದಿನಿಂದ ಪ್ರತಿ ಪುಟದ ನೆತ್ತಿಯ ಮೇಲೂ ‘ದಿನಾಂಕ ಇಂತಿಂಥದರಿಂದ ಇಂತಿಂಥದರವರೆಗೆ’ ಎಂಬ ಸಾಲಿದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆದಿದ್ದೇವೆ. ಹಿಂದೆ ಎಕ್ಸೆಲ್ ಫೈಲಿನಲ್ಲಿದ್ದ ಜೂನ್ 5, ಕೆಲವರ ಫೋನಿನಲ್ಲಿ ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲಾಗಿ ತಿರುಗಿ ಕಂಡು ಮೇ 6 ಎಂದು ಓದಿಸಿಕೊಂಡದ್ದೂ ಇತ್ತು.

ಆಮೇಲೆ ಗೂಗಲ್ ಡ್ರೈವ್‌ಗೆ ಬಂದೆವು. ಅಲ್ಲಿ ಲಿಂಕ್ ಒತ್ತಿದರೆ ಫೈಲು ಇಳಿಯುವ ಬದಲು ಪುಟಗಳಾಗಿ ಕಣ್ಣೆದುರು ತೆರೆದುಕೊಳ್ಳುತ್ತದೆ. ಏರಿಸಿದ ಫೈಲು ಹುಟ್ಟಿನಿಂದ ಏರಿಸಿದವರಿಗಷ್ಟೇ ಸೀಮಿತ ಎಂಬುದನ್ನು ಮರೆತು ಲಿಂಕ್ ಕಳಿಸಿದ್ದರಿಂದ, ಆ ರಾತ್ರಿ ಕಾರ್ಯದರ್ಶಿಯವರ ಇಮೇಲಿಗೆ ಅನುಮತಿ ಕೋರಿಕೆಗಳ ಸುರಿಮಳೆ. ಲಿಂಕ್ ಉಳ್ಳವರೆಲ್ಲ ನೋಡಬಹುದು ಎಂದು ಬದಲಿಸಿದ ಮೇಲೆ ನಿಂತಿತು.

ಈ ಹಂತದಲ್ಲಿ ನನಗೆ ಇನ್ನೊಂದು ದುರಾಸೆ ಹುಟ್ಟಿತು. ಲೆಕ್ಕವನ್ನೇ ಗೂಗಲ್ ಶೀಟ್ಸ್‌ಗೆ ಸಾಗಿಸಿದರೆ, ಶೀಟಿನ ವಿಳಾಸದ ಕೊನೆಯಲ್ಲಿರುವ ‘ಎಡಿಟ್’ ಭಾಗವನ್ನು ತೆಗೆದು ಪಿಡಿಎಫ್ ರೂಪದಲ್ಲಿ ‘ಎಕ್ಸ್‌ಪೋರ್ಟ್’ ಎಂದು ಬರೆದ ಒಂದೇ ಲಿಂಕ್ ಸಾಕು, ಒತ್ತಿದವರಿಗೆ ಆ ಕ್ಷಣದ ಪಿಡಿಎಫ್ ಸಿದ್ಧವಾಗಿ ಬರುತ್ತದೆ. ಪುಟದ ಅಳತೆ, ಅಡ್ಡವೋ ಉದ್ದವೋ, ಗೆರೆಗಳು ಬೇಕೋ ಬೇಡವೋ ಎಲ್ಲವನ್ನೂ ಆ ವಿಳಾಸದಲ್ಲೇ ಹೇಳಬಹುದು. ಚಂದದ ಉಪಾಯ. ಆದರೆ ಆ ಲಿಂಕ್ ಇತರರಿಗೆ ಕೆಲಸ ಮಾಡಬೇಕಾದರೆ ಮೂಲ ಶೀಟನ್ನು ನೋಡುವ ಅನುಮತಿಯನ್ನೂ ಅವರಿಗೆ ಕೊಟ್ಟಿರಬೇಕು. ಕೊಟ್ಟಿದ್ದರೆ, ‘ಎಕ್ಸ್‌ಪೋರ್ಟ್’ ತೆಗೆದು ಮತ್ತೆ ‘ಎಡಿಟ್’ ಎಂದು ಬರೆದವರು ಇಡೀ ಶೀಟಿಗೇ ನಡೆದುಬಂದು, ಪ್ರತಿ ಮಾಡಿಕೊಂಡು, ಹೈಡ್ ಆಗಿರುವ ಖಾತೆ ಸಂಖ್ಯೆಗಳನ್ನು ಬಿಡಿಸಿಕೊಳ್ಳಬಹುದು. ಹೊರಟ ಜಾಗಕ್ಕೇ ಸುತ್ತಿ ಬಂದಂತಾಯಿತು. ಶೀಟನ್ನು ವೆಬ್‌ಗೆ ಪ್ರಕಟಿಸುವ ಇನ್ನೊಂದು ಸೌಲಭ್ಯದಲ್ಲೂ ಪಿಡಿಎಫ್ ಆಯ್ಕೆಯಿದೆ, ಆದರೆ ಅದು ಮೊದಲಿಗೆ ತೋರಿಸುವುದು ‘ಇಡೀ ಕಡತ’ ಎಂಬುದನ್ನು. ಬೇಕಾದ ಒಂದು ಹಾಳೆಯನ್ನು ನಾವೇ ನೆನಪಿಟ್ಟು ಆರಿಸಬೇಕು. ಅದಕ್ಕಿಂತ ದೊಡ್ಡ ಆಕ್ಷೇಪ ಕಾರ್ಯದರ್ಶಿಯವರದು. “ನಾನು ಇಲ್ಲಿ ಒಂದು ಅಂಕಿ ತಿದ್ದಿದ್ರೆ ಅಲ್ಲಿ ತಾನಾಗೇ ಬದ್ಲಾಗುತ್ತೆ ಅಂತೀರಲ್ಲ, ನಿನ್ನೆ ಒಂದು ನೋಡ್ದೋರು ಇವತ್ತು ಇನ್ನೊಂದು ನೋಡಿದ್ರೆ ನನ್ನ ಮಾತು ಯಾರು ನಂಬ್ತಾರೆ?” ತಾನಾಗಿ ಬದಲಾಗುವುದನ್ನು ನಾನು ಅನುಕೂಲವೆಂದು ಎಣಿಸಿದ್ದೆ. ಹಣದ ಪಟ್ಟಿಗೆ ಅದೇ ದೋಷ. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು.

ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ. ಎಕ್ಸೆಲ್ ಫೈಲು ಡೇರಿಯ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಓದುವ ಹಾಳೆಯಿಂದ ಎ5 ಪಿಡಿಎಫ್ ತೆಗೆದು, ಹೆಸರಿನಲ್ಲಿ ಅವಧಿಯನ್ನು ಸೇರಿಸಿ, ಡ್ರೈವ್‌ನ ಒಂದೇ ಫೋಲ್ಡರಿಗೆ ಏರಿಸಲಾಗುತ್ತದೆ. ಗುಂಪಿನಲ್ಲಿ ಮೇಲೆ ಪಿನ್ ಆಗಿರುವುದು ಆ ಫೋಲ್ಡರಿನ ಲಿಂಕ್. ಬಟವಾಡೆ ಮುಗಿದು ತಿಂಗಳು ಕಳೆದ ಫೈಲುಗಳನ್ನು ಅಲ್ಲಿಂದ ತೆಗೆಯುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಅದೇ ಪಿಡಿಎಫ್ ಅನ್ನು ಎ4 ಹಾಳೆಗೆ ಎರಡು ಪುಟದಂತೆ ಮುದ್ರಿಸಿ, ಸಹಿ ಹಾಕಿ, ಗೋಡೆಗೆ ಅಂಟಿಸುತ್ತಾರೆ. ಪಿಡಿಎಫ್ ಅನ್ನು ತಿದ್ದಲಾಗದು ಎಂಬುದು ಜನಪ್ರಿಯ ನಂಬಿಕೆಯೇ ಹೊರತು ಸತ್ಯವಲ್ಲ. ಹೀಗಾಗಿ ತಕರಾರು ಬಂದಾಗ ಪ್ರಮಾಣವಾಗುವುದು ಯಾರದೋ ಫೋನಿನ ಪ್ರತಿಯಲ್ಲ, ಗೋಡೆಯ ಮೇಲಿನ ಸಹಿ ಇರುವ ಹಾಳೆ.

ಕಳೆದುಕೊಂಡದ್ದೂ ಇದೆ. ಯಾವ ಹೊತ್ತು ಎಷ್ಟು ಲೀಟರ್ ಎಂಬ 30 ಕಾಲಂಗಳನ್ನು ಮೊದಲು ಬಯಸಿದವರು ನೋಡಬಹುದಿತ್ತು. ಈಗ ಅದಕ್ಕೆ ಡೇರಿಗೆ ಬಂದು ಪರದೆ ನೋಡಬೇಕು. ಬರೀ ಒಟ್ಟು ನೋಡಿದರೆ ನಡುವೆ ಒಂದು ಹೊತ್ತಿನ ಹಾಲು ಬಿಟ್ಟುಹೋಗಿದ್ದರೆ ತಿಳಿಯುವುದಿಲ್ಲ ಎಂದು ಇಬ್ಬರು ಮೂವರು ಆಕ್ಷೇಪಿಸಿದ್ದಾರೆ, ಅವರ ಆಕ್ಷೇಪ ನ್ಯಾಯವಾದದ್ದು. ಸದಸ್ಯರಿಗೊಂದರಂತೆ 186 ಪ್ರತ್ಯೇಕ ಪಿಡಿಎಫ್ ಮಾಡಿ ಅವರವರಿಗೇ ಕಳಿಸಿದರೆ ಈ ತೊಂದರೆಯೂ ಕಡಿತದ ಮುಜುಗರವೂ ಒಟ್ಟಿಗೆ ತೀರುತ್ತವೆ. ಅದಕ್ಕೆ ಸಣ್ಣ ಪ್ರೋಗ್ರಾಂ ಬರೆಯಬೇಕು, 186 ಸರಿಯಾದ ಫೋನ್ ನಂಬರ್ ಬೇಕು; ಎರಡನೆಯದೇ ಕಷ್ಟ.

ತೀರಾ ಇತ್ತೀಚಿನ ಬಟವಾಡೆಯಲ್ಲಿ ಪ್ರಕಟಿಸಿದ ಮೇಲೆ ಒಂದು ತಪ್ಪು ಸಿಕ್ಕಿತು. ಒಬ್ಬರ ಒಂದು ಸಂಜೆಯ ಫ್ಯಾಟ್ 4.1 ಇದ್ದದ್ದು 3.1 ಎಂದು ದಾಖಲಾಗಿತ್ತು. ಹಳೆಯ ಫೈಲನ್ನು ಅಳಿಸಿ ಹೊಸದನ್ನು ಇಡೋಣವೆಂದು ನಾನು ಫೋನಿನಲ್ಲಿ ಹೇಳಿದೆ. ಕಾರ್ಯದರ್ಶಿಯವರು ಒಪ್ಪಲಿಲ್ಲ. ಹಳೆಯ ಪಿಡಿಎಫ್ ಅನ್ನು ಹಾಗೆಯೇ ಬಿಟ್ಟು, ‘ತಿದ್ದುಪಡಿ’ ಎಂಬ ಹೆಸರಿನ ಒಂದೇ ಪುಟದ ಇನ್ನೊಂದು ಪಿಡಿಎಫ್ ಮಾಡಿ ಅದರ ಪಕ್ಕದಲ್ಲಿಟ್ಟರು: ಸದಸ್ಯ ಸಂಖ್ಯೆ, ಇದ್ದ ಅಂಕಿ, ಇರಬೇಕಾದ ಅಂಕಿ, ವ್ಯತ್ಯಾಸದ ಹಣ, ಅದು ಯಾವ ಬಟವಾಡೆಯಲ್ಲಿ ಸೇರುತ್ತದೆ ಎಂಬ ಒಂದು ಸಾಲು.